ಪೋರ್ಟ್ ಲೂಯಿಯಲ್ಲಿ ಅರ್ಧ ದಿನದ ನಡಿಗೆ: ಗೈಡ್ ಬೇಕೇ, ಯಾವ ದಾರಿ, ಎಷ್ಟು ಹೊತ್ತಿಗೆ?

ಅರವತ್ತು ದಾಟಿದ ಅಪ್ಪ-ಅಮ್ಮನ ಜೊತೆ ಆರು ದಿನ ಮಾರಿಷಸ್‌ಗೆ ಹೋಗುತ್ತಿದ್ದೀರಿ, ಅವರಿಬ್ಬರೂ ಸಸ್ಯಾಹಾರಿಗಳು, ಒಂದು ದಿನ ರಾಜಧಾನಿ ಪೋರ್ಟ್ ಲೂಯಿಗೆ ಅಂತ ಇಟ್ಟಿದ್ದೀರಿ. ಅಲ್ಲಿ ಗೈಡ್ ಜೊತೆ ಕಾಲ್ನಡಿಗೆಯ ಟೂರ್ ಮಾಡಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಮೋಸವಿಲ್ಲ, ಆದರೆ ಎರಡು ಷರತ್ತು. ನಡಿಗೆ ಬೆಳಗ್ಗೆ ಒಂಬತ್ತಕ್ಕೆ, ಭಾರತದ ಕೂಲಿಗಳು ಬಂದಿಳಿದ ಆಪ್ರವಾಸಿ ಘಾಟ್‌ನಿಂದ ಶುರುವಾಗಬೇಕು, ಮಧ್ಯಾಹ್ನ ಒಂದರೊಳಗೆ ಮುಗಿಯಬೇಕು. ಇವೆರಡೂ ಇಲ್ಲದ ಟೂರ್ ಆದರೆ ಬಿಡಿ, ಕೆಳಗೆ ಬರೆದ ದಾರಿ ಹಿಡಿದು ನೀವೇ ತಿರುಗಬಹುದು.

ಮೊದಲು ಒಂದು ಎಚ್ಚರಿಕೆ. ಹೋಟೆಲ್‌ನವರು, ಪ್ಯಾಕೇಜ್‌ನವರು ‘ನಾರ್ತ್ ಟೂರ್’ ಅಂತ ಒಂದನ್ನು ಕೈಗೆ ಹಿಡಿಸುತ್ತಾರೆ. ಅದರಲ್ಲೂ ಪೋರ್ಟ್ ಲೂಯಿ ಇರುತ್ತದೆ. ಆದರೆ ಅದು ಕಾರಿನ ಟೂರ್: ಕೋಟೆಯ ಮೇಲೆ ಹತ್ತು ನಿಮಿಷ ಫೋಟೊ, ಕೋಡಾನ್ ಮಾಲ್‌ನಲ್ಲಿ ಒಂದು ಗಂಟೆ ಶಾಪಿಂಗ್, ಆಮೇಲೆ ಪಾಂಪ್ಲೆಮೂಸ್ ಸಸ್ಯೋದ್ಯಾನ. ಉದ್ಯಾನ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಊರನ್ನು ಮಾತ್ರ ನೋಡಿದ ಹಾಗಾಗುವುದಿಲ್ಲ. ಪೋರ್ಟ್ ಲೂಯಿಯಲ್ಲಿ ನೋಡಬೇಕಾದದ್ದೆಲ್ಲ ಮೂರು ಕಿಲೋಮೀಟರ್ ನಡಿಗೆಯೊಳಗೆ ಇದೆ, ಮತ್ತು ಆ ಗಲ್ಲಿಗಳಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲ.

ಯಾವ ದಿನ ಅನ್ನುವುದು ದಾರಿಗಿಂತ ಮುಖ್ಯ. ಇದು ಆಫೀಸಿನ ಊರು. ಕ್ಯೂರ್‌ಪಿಪ್, ಕಾತ್ರ್ ಬೋರ್ನ್ ಕಡೆಯಿಂದ ಬೆಳಗ್ಗೆ ಜನ ಬರುತ್ತಾರೆ, ಸಂಜೆ ಐದಕ್ಕೆ ಖಾಲಿಯಾಗುತ್ತದೆ. ಭಾನುವಾರ ಘಾಟ್ ಮುಚ್ಚಿರುತ್ತದೆ, ಅಂಚೆಚೀಟಿಯ ಮ್ಯೂಸಿಯಂ ಮುಚ್ಚಿರುತ್ತದೆ, ಮಾರ್ಕೆಟ್ ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತದೆ. ಶನಿವಾರ ಘಾಟ್ ಹನ್ನೆರಡರವರೆಗೆ ಮಾತ್ರ. ಶುಕ್ರವಾರ ಮಧ್ಯಾಹ್ನ ದಾರಿಯಲ್ಲಿ ಸಿಗುವ ಜುಮ್ಮಾ ಮಸೀದಿಯ ಸುತ್ತ ನಮಾಜಿನ ಜನಸಂದಣಿ. ಹಾಗಾಗಿ ಸೋಮವಾರದಿಂದ ಗುರುವಾರದೊಳಗೆ ಒಂದು ದಿನ ಇಟ್ಟುಕೊಳ್ಳಿ. ಸರ್ಕಾರಿ ರಜೆಯ ಪಟ್ಟಿಯನ್ನೂ ಒಮ್ಮೆ ನೋಡಿ, ಅದು ಉದ್ದ ಇದೆ: ಶಿವರಾತ್ರಿ, ಗಣೇಶ ಚೌತಿ, ದೀಪಾವಳಿ, ಈದ್, ಚೀನೀ ಹೊಸ ವರ್ಷ, ಜೊತೆಗೆ ನಮ್ಮ ಯುಗಾದಿಯೂ. ಅಲ್ಲಿನ ತೆಲುಗರಿಂದಾಗಿ ಯುಗಾದಿ ಆ ದೇಶಕ್ಕೇ ರಜೆ. ಮಾರ್ಚ್-ಏಪ್ರಿಲ್‌ನಲ್ಲಿ ಹೋಗುವ ಕನ್ನಡಿಗರು ಇದನ್ನು ಮರೆತು ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ.

ಇನ್ನು ಬಿಸಿಲು. ಪೋರ್ಟ್ ಲೂಯಿ ಮೋಕಾ ಬೆಟ್ಟಸಾಲಿನ ಮರೆಯಲ್ಲಿ ಕೂತಿದೆ, ಆಗ್ನೇಯದಿಂದ ಬೀಸುವ ಗಾಳಿ ಸರಿಯಾಗಿ ತಾಗುವುದಿಲ್ಲ, ದ್ವೀಪದಲ್ಲೇ ಹೆಚ್ಚು ಧಗೆ ಇರುವ ಊರುಗಳಲ್ಲಿ ಒಂದು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹನ್ನೊಂದೂವರೆ ದಾಟಿದರೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸಿಕೊಳ್ಳಿ, ಅಷ್ಟು ಸಾಕು. ಮೇ-ಅಕ್ಟೋಬರ್ ಹಿತ. ನಿಮ್ಮ ಪರವಾಗಿ ಒಂದು ಅಂಶ ಇದೆ: ಮಾರಿಷಸ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ಆರಕ್ಕೆ ಏಳುವ ಅಪ್ಪ-ಅಮ್ಮ ಅಲ್ಲಿ ನಾಲ್ಕೂವರೆಗೇ ಎದ್ದು ಕೂತಿರುತ್ತಾರೆ. ಬೇಗ ಹೊರಡಿಸಲು ಒದ್ದಾಡಬೇಕಿಲ್ಲ.

ಗ್ರಾಂಡ್ ಬೇ ಕಡೆ ಉಳಿದುಕೊಂಡರೆ ಬಸ್ಸು ತಂದು ಇಳಿಸುವುದು ಇಮಿಗ್ರೇಷನ್ ಸ್ಕ್ವೇರ್ ನಿಲ್ದಾಣದಲ್ಲಿ, ಘಾಟ್ ಅದರ ಪಕ್ಕದಲ್ಲೇ. ಫ್ಲಿಕ್ ಆನ್ ಫ್ಲಾಕ್ ಕಡೆಯಿಂದ ಬಂದರೆ ಊರಿನ ಇನ್ನೊಂದು ತುದಿಯ ವಿಕ್ಟೋರಿಯಾ ನಿಲ್ದಾಣ, ಅಲ್ಲಿಂದ ಹದಿನೈದು ನಿಮಿಷ ನಡೆಯಬೇಕು. ಕ್ಯೂರ್‌ಪಿಪ್, ರೋಸ್ ಹಿಲ್ ಕಡೆಯವರಿಗೆ ಮೆಟ್ರೊ ಇದೆ. ಭಾರತದ ನೆರವಿನಲ್ಲಿ ಎಲ್ ಅಂಡ್ ಟಿ ಕಟ್ಟಿದ್ದು, 2020ರಲ್ಲಿ ಓಡಲು ಶುರುವಾಯಿತು. ಕಾರಲ್ಲಿ ಬರುವುದಾದರೆ ಏಳೂವರೆಯಿಂದ ಒಂಬತ್ತರ ಟ್ರಾಫಿಕ್ಕಿಗೆ ಸಿಲುಕುತ್ತೀರಿ, ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಘಾಟ್‌ನಲ್ಲಿ ಗೈಡ್ ಇರಲೇಬೇಕು ಅನ್ನುತ್ತೇನೆ. ಏಕೆಂದರೆ ಕಣ್ಣಿಗೆ ಕಾಣುವುದು ತೀರಾ ಕಡಿಮೆ. ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ 1,640 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹದಿನಾರು ಗುಂಟೆ. ಕಪ್ಪುಕಲ್ಲಿನ ಗೋಡೆಗಳು, ಆಸ್ಪತ್ರೆಯ ಕೋಣೆಗಳು, ಅಡುಗೆಮನೆ, ಶೌಚದ ಸಾಲಿನ ತಳಪಾಯ, ಮತ್ತು ಹದಿನಾರು ಮೆಟ್ಟಿಲು. ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದ ಈ ಡಿಪೊದ ಒಂದು ಭಾಗದ ಮೇಲೆ ಹೆದ್ದಾರಿಯೇ ಹಾದುಹೋಗಿದೆ. ವಿಷಯ ಗೊತ್ತಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ‘ಇಷ್ಟೇನಾ?’ ಅಂತ ಹೊರಬರುತ್ತಾರೆ.

ಗೊತ್ತಿದ್ದರೆ ಅದೇ ಮೆಟ್ಟಿಲ ಮುಂದೆ ನಿಂತ ಕಾಲು ಕೀಳಲು ಆಗುವುದಿಲ್ಲ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗಿನಲ್ಲಿ ಕಲ್ಕತ್ತದಿಂದ 36 ಜನ ಕೂಲಿಗಳು ಬಂದರು, ಛೋಟಾ ನಾಗಪುರದ ಗುಡ್ಡಗಾಡಿನವರು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಮೂರು ತಿಂಗಳ ನಂತರ, 1835ರ ಫೆಬ್ರವರಿ 1ಕ್ಕೆ, ದ್ವೀಪದಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ಗದ್ದೆಗೆ ಆಳು ಬೇಕಿತ್ತು, ಗುಲಾಮರ ಬದಲು ಕರಾರಿನ ಕೂಲಿಗಳನ್ನು ತರಿಸುವುದನ್ನು ಬ್ರಿಟಿಷರು ‘ಮಹಾ ಪ್ರಯೋಗ’ ಎಂದು ಕರೆದರು. ಪ್ರಯೋಗ ಯಾರ ಮೈಮೇಲೆ ನಡೆಯಿತು ಅನ್ನುವುದು ಬೇರೆ ಮಾತು. 1849ರಲ್ಲಿ ಈ ಡಿಪೊ ಕಟ್ಟಿದರು. 1834ರಿಂದ 1910ರವರೆಗೆ ದ್ವೀಪಕ್ಕೆ ಬಂದ ಭಾರತೀಯರು ಸುಮಾರು ನಾಲ್ಕೂವರೆ ಲಕ್ಷ. ಬಹುಪಾಲು ಬಿಹಾರ, ಉತ್ತರ ಪ್ರದೇಶದ ಭೋಜಪುರಿ ಸೀಮೆಯವರು, ಉಳಿದವರು ತಮಿಳರು, ತೆಲುಗರು, ಕೊಂಕಣ ಕರಾವಳಿಯ ಮರಾಠಿಗರು. ಒಂದೆರಡು ದಿನ ಇಲ್ಲಿ ಇಟ್ಟುಕೊಂಡು, ಹೆಸರು ಬರೆದು, ತಪಾಸಣೆ ಮಾಡಿ, ತೋಟಗಳಿಗೆ ಹಂಚುತ್ತಿದ್ದರು. 1860ರ ದಶಕದಿಂದ ಒಬ್ಬೊಬ್ಬರ ಫೋಟೊ ಕೂಡ ತೆಗೆದರು. ಆ ದಾಖಲೆಗಳು ಈಗ ಮೋಕಾದ ಮಹಾತ್ಮ ಗಾಂಧಿ ಇನ್ಸ್ಟಿಟ್ಯೂಟ್‌ನಲ್ಲಿವೆ, ಮಾರಿಷಸ್‌ನವರು ತಮ್ಮ ಮುತ್ತಜ್ಜನ ಹಳ್ಳಿ ಹುಡುಕುವುದು ಅಲ್ಲೇ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದ ಕಿವಿಗೆ ‘ಪ್ರವಾಸಿ’ ಎಂದರೆ ಟೂರಿಸ್ಟ್. ಇಲ್ಲಿ ‘ಆಪ್ರವಾಸಿ’ ಎಂದರೆ ವಲಸೆ ಬಂದವನು. ಮೊದಲು ಇದನ್ನು ‘ಕೂಲಿ ಘಾಟ್’ ಅಂತಲೇ ಕರೆಯುತ್ತಿದ್ದರು. ಪ್ರವೇಶ ಉಚಿತ. ಮೊದಲು ಪಕ್ಕದ ಮಾಹಿತಿ ಕೇಂದ್ರ ನೋಡಿ, ಆಮೇಲೆ ಮೆಟ್ಟಿಲಿಗೆ ಬನ್ನಿ. ಎಷ್ಟೋ ಗೈಡ್‌ಗಳು ಇದನ್ನು ಉಲ್ಟಾ ಮಾಡುತ್ತಾರೆ, ಆಗ ಮೆಟ್ಟಿಲು ಬರೀ ಮೆಟ್ಟಿಲಾಗಿ ಉಳಿಯುತ್ತದೆ. ಕಲ್ಲುಹಾಸು ಏರುಪೇರಾಗಿದೆ, ಮಂಡಿನೋವಿದ್ದರೆ ಕೈ ಹಿಡಿದುಕೊಳ್ಳಿ. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಿ, ಮುಂದೆ ಅಮ್ಮಂದಿರು ಒಪ್ಪುವಂಥದ್ದು ಸಿಗುವುದು ನಡಿಗೆಯ ಕೊನೆಯಲ್ಲಿ ಕೋಡಾನ್‌ನಲ್ಲಿ. ಹತ್ತಿರದ ಹಳೇ ಸೇನಾ ಆಸ್ಪತ್ರೆಯಲ್ಲಿ 2023ರಲ್ಲಿ ಗುಲಾಮಗಿರಿಯ ಮ್ಯೂಸಿಯಂ ತೆರೆದಿದ್ದಾರೆ. ಎರಡೂ ಒಂದೇ ಕತೆಯ ಎರಡು ಅಧ್ಯಾಯ. ಅದಕ್ಕೆ ಇನ್ನೊಂದು ಗಂಟೆ ಬೇಕು, ಅಪ್ಪ-ಅಮ್ಮನ ಕಾಲು ಒಪ್ಪಿದರೆ ಮಾತ್ರ.

ಘಾಟ್‌ನಿಂದ ಸೆಂಟ್ರಲ್ ಮಾರ್ಕೆಟ್ ಹತ್ತು ನಿಮಿಷದ ದಾರಿ. ನಡುವೆ ಹೆದ್ದಾರಿ ದಾಟಬೇಕು, ಸಿಗ್ನಲ್ ಇರುವಲ್ಲೇ ದಾಟಿ. ಮಾರ್ಕೆಟ್ಟಿನ ಕಬ್ಬಿಣದ ಗೇಟಿನ ಮೇಲೆ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳಿವೆ. ಮೇಲಿನ ಮಹಡಿಯಲ್ಲಿ ಟೀ ಶರ್ಟು, ಅಳಿದುಹೋದ ಡೋಡೊ ಹಕ್ಕಿಯ ಗೊಂಬೆ, ಬುಟ್ಟಿ. ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿ ಶುರುಮಾಡಿ, ಬಂದರಿಗೆ ಕ್ರೂಸ್ ಹಡಗು ಬಂದ ದಿನ ಆ ಮಹಡಿಯನ್ನೇ ಬಿಟ್ಟುಬಿಡಿ. ನಿಜವಾದ ಮಾರ್ಕೆಟ್ ಕೆಳಗಿನ ತರಕಾರಿ ಸಾಲು, ಮತ್ತು ಕನ್ನಡದವರಿಗೆ ಅಲ್ಲಿ ಗೈಡ್‌ಗೂ ಗೊತ್ತಿಲ್ಲದ ಒಂದು ಖುಷಿ ಕಾದಿದೆ.

ಕರಿಬೇವನ್ನು ಅಲ್ಲಿಯವರು ಫ್ರೆಂಚ್ ಮೂಲದ ತಮ್ಮ ಕ್ರಿಯೋಲ್ ಮಾತಿನಲ್ಲಿ ‘ಕರಿಪುಲೆ’ ಎನ್ನುತ್ತಾರೆ. ಕೊತ್ತಂಬರಿ ಸೊಪ್ಪು ‘ಕೊತೊಮಿಲಿ’. ನುಗ್ಗೆಸೊಪ್ಪು ‘ಬ್ರೆದ್ ಮುರುಮ್’, ಹೀರೇಕಾಯಿ ‘ಪಿಪಂಗಾಯ್’. ‘ಬ್ರೆದ್’ (ಸೊಪ್ಪು) ಒಂದನ್ನು ಬಿಟ್ಟರೆ ಎಲ್ಲ ತಮಿಳು ಮಾತು, ಫ್ರೆಂಚ್ ನಾಲಗೆ ಮೇಲೆ ಉರುಳಿ ಸವೆದದ್ದು. ಪಡವಲಕಾಯಿ ‘ಪಾತೋಲ್’, ಅದು ನಮ್ಮ ಪಡವಲದ್ದೇ ಬಳಗ. ಸೀಮೆಬದನೆ ಮಾತ್ರ ‘ಶೂಶೂ’, ಹಾಗಲ ‘ಮಾರ್ಗೋಜ್’, ಬೆಂಡೆ ‘ಲಾಲೊ’. ಬೋರ್ಡ್ ಓದುತ್ತಾ ತರಕಾರಿ ಗುರುತು ಹಿಡಿಯುವ ಆಟ ಅಮ್ಮನಿಗೆ ಬಿಟ್ಟುಕೊಡಿ, ಇಪ್ಪತ್ತು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ಇಂತಿಂಥ ಕಾಯಿಲೆಗೆ ಇಂತಿಂಥ ಕಷಾಯ ಅಂತ ಚೀಟಿ ಅಂಟಿಸಿದ ಗಿಡಮೂಲಿಕೆಯ ಅಂಗಡಿಗಳೂ ಇವೆ. ನೋಡಿ, ಕೊಳ್ಳಬೇಡಿ.

ತಿನ್ನುವುದಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಈ ಊರು ಹೆದರುವಂಥದ್ದಲ್ಲ. ಧೋಲ್ ಪುರಿ ಇಲ್ಲಿನ ರಾಜ. ಬೇಳೆಯನ್ನು ಅಗುಳು ಬಿಡಿಬಿಡಿಯಾಗಿರುವಷ್ಟೇ ಬೇಯಿಸಿ, ನೀರು ಬಸಿದು, ಅರಿಸಿನ ಜೀರಿಗೆ ಹಾಕಿ ಒಣಪುಡಿಯಾಗಿ ಬೀಸಿ, ಮೈದಾ ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಬೆಲ್ಲ ಹಾಕದ ಬೇಳೆ ಹೋಳಿಗೆ ಅಂದುಕೊಳ್ಳಿ. ಬೇಳೆ ಚೂರು ಹೆಚ್ಚು ಬೆಂದರೂ ಹೂರಣ ನೀರುಬಿಟ್ಟು ಹಾಳೆ ಹರಿಯುತ್ತದೆ, ಅದಕ್ಕೇ ಒಳ್ಳೆಯ ಗಾಡಿಯ ಮುಂದೆ ಸಾಲು ಇರುತ್ತದೆ. ಯಾವಾಗಲೂ ಜೋಡಿ ಲೆಕ್ಕದಲ್ಲೇ ಮಾರುವುದು, ‘ಎನ್ ಪೇರ್’ ಅನ್ನಿ. ಗಾಡಿಯವನು ಎರಡು ಪುರಿ ಒಂದರ ಮೇಲೊಂದು ಬಿಚ್ಚಿ, ಡಬಲ್ ಬೀನ್ಸಿನ ಗೊಜ್ಜು ಒಂದು ಸೌಟು, ರುಗಾಯ್ ಎನ್ನುವ ಟೊಮ್ಯಾಟೊ ಗೊಜ್ಜು ಒಂದು ಚಮಚ, ಸೊಪ್ಪಿನ ಚಟ್ನಿ ಒಂದು ಬೆರಳು ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಹಾಕಿ ಕೊಡುವುದಕ್ಕೆ ಐದು ಸೆಕೆಂಡು ಸಾಕು. ಅಷ್ಟರಲ್ಲೇ ‘ಪಿಮಾಂ?’ ಅಂತ ಕೇಳಿರುತ್ತಾನೆ: ಖಾರ ಬೇಕಾ ಅಂತ. ‘ತಿಗಿತ್’ ಅಂದರೆ ಸ್ವಲ್ಪ. ಗುಂಟೂರು ಖಾರ ತಿನ್ನುವವರೂ ಮೊದಲ ಸಲ ಅಷ್ಟೇ ಹೇಳುವುದು ಕ್ಷೇಮ. ನಿಂತೇ ತಿನ್ನಬೇಕು, ಸಾರು ಕೈಯಿಂದ ಮೊಣಕೈಗೆ ಇಳಿಯುತ್ತದೆ, ಟಿಶ್ಯೂ ಜೇಬಿನಲ್ಲಿರಲಿ.

ಗಾತೊ ಪಿಮಾಂ ಅಂದರೆ ನಮ್ಮ ಆಂಬೊಡೆಯ ಪುಟ್ಟ ತಮ್ಮ, ಈರುಳ್ಳಿ ದಂಟು ಹಾಕಿದ್ದು. ಅಲ್ಲಿಯವರು ಅದನ್ನು ಬೆಣ್ಣೆ ಸವರಿದ ಬ್ರೆಡ್ಡಿನೊಳಗೆ ಜಜ್ಜಿ ತಿಂಡಿಗೆ ತಿನ್ನುತ್ತಾರೆ. ಅಲೂದಾ ಎಂದರೆ ಹಾಲು, ಕಾಮಕಸ್ತೂರಿ ಬೀಜ, ಚೈನಾಗ್ರಾಸ್ ಎಳೆ, ವೆನಿಲಾ ಅಥವಾ ಬಾದಾಮಿ ಪರಿಮಳ, ಫಲೂದಾದ ಸೋದರಸಂಬಂಧಿ. ಬಿಸಿಲಿಗೆ ಒಳ್ಳೆಯದು, ಐಸ್ ಮತ್ತು ನೀರಿನ ವಿಚಾರದಲ್ಲಿ ಹೊಟ್ಟೆ ಸೂಕ್ಷ್ಮ ಇರುವವರು ಹುಷಾರು. ಮೋಸ ಹೋಗುವ ಜಾಗ ಮೂರು: ಸಮೋಸದಲ್ಲಿ ಮಾಂಸ ಅಥವಾ ಮೀನು ಇರಬಹುದು, ಮನೆಯೂಟದ ರುಗಾಯ್‌ಗೆ ಉಪ್ಪುಮೀನು ಹಾಕುವುದುಂಟು, ಮತ್ತು ಚೈನಾಟೌನಿನ ‘ಮೀನ್ ಫ್ರಿ’ ಎಂಬ ನೂಡಲ್ಸ್‌ನ ಬಾಣಲೆಯಲ್ಲಿ ಮೊಟ್ಟೆ, ಕೋಳಿ, ಸಾಸು ಎಲ್ಲ ಒಟ್ಟಿಗೇ ತಿರುಗುತ್ತದೆ. ‘ಸಾಂ ಲಾವಿಯಾನ್’, ಅಂದರೆ ಮಾಂಸ ಬೇಡ, ಅಂದರೂ ಮೀನು ಅವರ ಲೆಕ್ಕದಲ್ಲಿ ಮಾಂಸವಾಗದೇ ಇರಬಹುದು. ಮೀನು, ಮೊಟ್ಟೆ ಎರಡನ್ನೂ ಹೆಸರು ಹಿಡಿದು ಬೇಡ ಅನ್ನಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಚಾಲೂ ಆಗಿದೆ ನಿಜ, ಆದರೆ ಗಾಡಿಯವರ ಹತ್ತಿರ ಅದನ್ನು ನಂಬಿ ಹೋಗಬೇಡಿ. ಸಣ್ಣ ನೋಟು ಇಟ್ಟುಕೊಳ್ಳಿ. ಆ ನೋಟನ್ನೂ ಒಮ್ಮೆ ತಿರುಗಿಸಿ ನೋಡಿ, ತಮಿಳು ಅಕ್ಷರ ಕಾಣುತ್ತದೆ.

ಮಾರ್ಕೆಟ್‌ನಿಂದ ರಾಯಲ್ ಸ್ಟ್ರೀಟ್ ಹಿಡಿದರೆ ಜುಮ್ಮಾ ಮಸೀದಿ. 1850ರ ದಶಕದಲ್ಲಿ ಶುರುವಾಗಿ ಆಮೇಲೆ ಹಂತಹಂತವಾಗಿ ಬೆಳೆದದ್ದು, ಅಂಗಳದಲ್ಲಿ ದೊಡ್ಡ ಕಾಡುಬಾದಾಮಿ ಮರ. ನಮಾಜಿನ ಹೊತ್ತಲ್ಲದಿದ್ದರೆ ಬೆಳಗ್ಗೆ ಅಂಗಳದವರೆಗೆ ಬಿಡುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅದಕ್ಕೆ ಅಂಟಿಕೊಂಡೇ ಚೈನಾಟೌನ್. ಗೋಡೆಚಿತ್ರಗಳು, ಹಳೇ ಕಿರಾಣಿ ಅಂಗಡಿಗಳು, ಕಾಲು ಗಂಟೆ ಸಾಕು. ಊಟಕ್ಕೆ ನಿಮ್ಮ ಮನೆಯವರಿಗೆ ಅದು ಹೊಂದುವುದಿಲ್ಲ ಅನ್ನುವುದು ಮೇಲೆಯೇ ಆಯಿತು.

ಅಲ್ಲಿಂದ ದಕ್ಷಿಣಕ್ಕೆ ಬಂದರೆ 1822ರ ರಂಗಮಂದಿರ, ಹೊರಗಿನಿಂದ ನೋಡಿ ಮುಂದೆ ಸಾಗಿ. ನಂತರ ಸರ್ಕಾರಿ ಭವನ, ಎದುರಿಗೆ ವಿಕ್ಟೋರಿಯಾ ಪ್ರತಿಮೆ, ಅಲ್ಲಿಂದ ಬಂದರಿನವರೆಗೆ ತಾಳೆಮರಗಳ ಸಾಲು, ಪ್ಲಾಸ್ ದಾರ್ಮ್ ಎಂಬ ಚೌಕ. ಸಾಲಿನ ಕೊನೆಯಲ್ಲಿ ಕಡಲಿಗೆ ಮುಖಮಾಡಿ ನಿಂತವನು ಮಾಹೆ ದ ಲಾಬುರ್ದೊನೆ, 1735ರಲ್ಲಿ ಫ್ರೆಂಚ್ ಗವರ್ನರ್ ಆಗಿ ಬಂದು ಈ ಊರು ಕಟ್ಟಿದವನು. ಕಟ್ಟಲು ಪುದುಚೇರಿ ಕಡೆಯಿಂದ ಕುಶಲಕರ್ಮಿಗಳನ್ನು ಕರೆಸಿಕೊಂಡ. ಅಂದರೆ ಘಾಟ್‌ನ ಕೂಲಿಗಳಿಗಿಂತ ನೂರು ವರ್ಷ ಮೊದಲೇ ದಕ್ಷಿಣ ಭಾರತದ ಗಾರೆಯವರು ಇಲ್ಲಿದ್ದರು. ಇದೇ ಮನುಷ್ಯ 1746ರಲ್ಲಿ ಇಲ್ಲಿಂದ ಹಡಗು ಕಟ್ಟಿಕೊಂಡು ಹೋಗಿ ಬ್ರಿಟಿಷರ ಕೈಯಿಂದ ಮದ್ರಾಸನ್ನು ಕಿತ್ತುಕೊಂಡ. ಗೈಡ್ ಇದನ್ನು ಹೇಳದಿದ್ದರೆ ನೀವೇ ಕೇಳಿ, ಗೈಡ್‌ನ ಆಳ ತಿಳಿಯುತ್ತದೆ.

ಇಲ್ಲಿಗೆ ಹನ್ನೊಂದೂವರೆ-ಹನ್ನೆರಡಾಗಿರುತ್ತದೆ. ಹತ್ತಿರದಲ್ಲೇ ಶೋಸೆ ರಸ್ತೆಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಸಣ್ಣದು, ಹಳೆಯದು, ಅರ್ಧ ಗಂಟೆಯದ್ದು. ಜನ ಡೋಡೊ ಮಾದರಿಯ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ನೋಡಬೇಕಾದ್ದು ಪಕ್ಕದ ಅಸ್ಥಿಪಂಜರ. ಬೇರೆ ಮ್ಯೂಸಿಯಂಗಳ ಡೋಡೊ ಅಸ್ಥಿಪಂಜರಗಳು ಹಲವು ಹಕ್ಕಿಗಳ ಮೂಳೆ ಜೋಡಿಸಿ ಮಾಡಿದವು. ಒಂದೇ ಹಕ್ಕಿಯ ಸಂಪೂರ್ಣ ಅಸ್ಥಿಪಂಜರ ಅಂತ ಗೊತ್ತಿರುವುದು ಇದೊಂದೇ. 1904ರ ಸುಮಾರಿಗೆ ಅದನ್ನು ಹುಡುಕಿದವನು ಎತಿಯೆನ್ ತಿರಿಯೂ, ಇದೇ ಊರಿನ ಕ್ಷೌರಿಕ. ಹೊರಬಂದರೆ ಪಕ್ಕದಲ್ಲೇ ಕಂಪನಿ ಗಾರ್ಡನ್, ಆಲದ ಮರದ ಕೆಳಗೆ ಬೆಂಚು. ಈ ದಾರಿಯಲ್ಲಿ ದಟ್ಟ ನೆರಳು ಸಿಗುವುದು ಇಲ್ಲಿ ಮಾತ್ರ, ಅಪ್ಪ-ಅಮ್ಮನನ್ನು ಹತ್ತು ನಿಮಿಷ ಕೂರಿಸಿ.

ಕೊನೆಗೆ ಕೋಡಾನ್‌ನ ಬ್ಲೂ ಪೆನಿ ಮ್ಯೂಸಿಯಂ. ಇಲ್ಲಿ ಗಡಿಯಾರ ನೋಡಿಕೊಂಡೇ ಒಳಗೆ ಹೋಗಬೇಕು. ಮಾರಿಷಸ್‌ನ ಮೊಟ್ಟಮೊದಲ, ಈಗ ಬಲು ಅಪರೂಪದ, 1847ರ ಎರಡು ಅಂಚೆಚೀಟಿಗಳ ಅಸಲಿ ಪ್ರತಿಗೆ ಬೆಳಕು ಬೀಳುವುದು ಪ್ರತಿ ಗಂಟೆಗೆ ಹತ್ತೇ ನಿಮಿಷ, ಗಂಟೆ ಇಪ್ಪತ್ತೈದರಿಂದ ಮೂವತ್ತೈದರವರೆಗೆ. ಬಣ್ಣ ಮಾಸಬಾರದೆಂದು ಹಾಗೆ. ಉಳಿದ ಹೊತ್ತು ಕಾಣುವುದು ನಕಲು. ಒಂದು ಹತ್ತಕ್ಕೆ ಟಿಕೆಟ್ ತೆಗೆದುಕೊಂಡು ಒಳಹೋದರೆ ಒಂದು ಇಪ್ಪತ್ತೈದಕ್ಕೆ ಸರಿಯಾಗಿ ಆ ಕತ್ತಲೆ ಕೋಣೆಯಲ್ಲಿರುತ್ತೀರಿ. ಕೆತ್ತಿದವನು ತಪ್ಪಿ ‘ಪೋಸ್ಟ್ ಪೇಯ್ಡ್’ ಬದಲು ‘ಪೋಸ್ಟ್ ಆಫೀಸ್’ ಎಂದು ಕೆತ್ತಿಬಿಟ್ಟ ಎಂಬ ಕತೆಯನ್ನು ಗೈಡ್‌ಗಳು ರಸವತ್ತಾಗಿ ಹೇಳುತ್ತಾರೆ. ಅದು ಬರೀ ಕಟ್ಟುಕತೆ ಎಂಬುದು ಈಗಿನ ಸಂಗ್ರಾಹಕರ ಅಭಿಪ್ರಾಯ. ಅಂದಹಾಗೆ ನೀಲಿ ಚೀಟಿ ಎರಡು ಪೆನ್ಸಿನದು, ಒಂದು ಪೆನಿಯದು ಕಿತ್ತಳೆಗೆಂಪು. ಇಲ್ಲಿಗೆ ಗೈಡ್ ಬೇಡ, ಆರಾಮಾಗಿ ಎಸಿಯಲ್ಲಿ ನೋಡಿ.

ಬೆಟ್ಟದ ಮೇಲಿನ ಅಡಿಲೇಡ್ ಕೋಟೆಯನ್ನು ನಡಿಗೆಗೆ ಸೇರಿಸಿದ ಟೂರ್ ಇದ್ದರೆ ಅಪ್ಪ-ಅಮ್ಮನ ಜೊತೆ ಒಪ್ಪಬೇಡಿ, ಆ ಏರು ಮಧ್ಯಾಹ್ನಕ್ಕೆ ಹೇಳಿದ್ದಲ್ಲ. ಬೇಕಿದ್ದರೆ ಟ್ಯಾಕ್ಸಿ, ಹೋಗಿಬರುವುದು ಮತ್ತು ಕಾಯುವುದು ಸೇರಿಸಿ ಮೊದಲೇ ಬೆಲೆ ಮಾತಾಡಿ. ಮೇಲಿಂದ 1812ರ ಕುದುರೆ ರೇಸಿನ ಮೈದಾನ ಶಾಂ ದ ಮಾರ್ಸ್ ಪೂರ್ತಿ ಕಾಣುತ್ತದೆ. 1968ರ ಮಾರ್ಚ್ 12ರಂದು ಸ್ವತಂತ್ರ ದೇಶದ ಬಾವುಟ ಹಾರಿದ್ದು ಅಲ್ಲೇ.

ಬುಕ್ ಮಾಡುವ ಮೊದಲು ಮೆಸೇಜಿನಲ್ಲಿ ಇಷ್ಟು ಕೇಳಿ: ಘಾಟ್‌ನ ಒಳಗೆ ಹೋಗುತ್ತೀರೋ, ಹೊರಗಿಂದ ತೋರಿಸುತ್ತೀರೋ? ಗುಂಪಿನಲ್ಲಿ ಎಷ್ಟು ಜನ? ಎಂಟು ದಾಟಿದರೆ ಮಾರ್ಕೆಟ್ಟಿನ ಗದ್ದಲದಲ್ಲಿ ಹಿಂದಿನವರಿಗೆ ಏನೂ ಕೇಳುವುದಿಲ್ಲ. ತಿಂಡಿ ಸೇರಿದ್ದರೆ ಸಸ್ಯಾಹಾರಕ್ಕೆ ಏನು ಕೊಡುತ್ತೀರಿ, ಹೆಸರು ಹೇಳಿ. ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇದೆಯೇ? ಅಪ್ಪ-ಅಮ್ಮನಿಗೆ ಇಂಗ್ಲಿಷ್‌ಗಿಂತ ಹಿಂದಿ ಸಲೀಸಾದರೆ ಹಿಂದಿ ಬಲ್ಲ ಗೈಡ್ ಸಿಗುತ್ತಾರಾ ಅಂತಲೂ ಕೇಳಿ. ಮಳೆ ಬಂದರೆ ದುಡ್ಡು ವಾಪಸ್ಸೋ, ದಿನ ಬದಲೋ?

ಈ ಕೊನೆಯದು ಜನವರಿ-ಮಾರ್ಚ್‌ನಲ್ಲಿ ಹೋಗುವವರಿಗೆ ತಮಾಷೆಯಲ್ಲ. ಬೆಟ್ಟದ ನೀರು ನೇರ ಊರೊಳಗೆ ಇಳಿಯುತ್ತದೆ. 2013ರ ಮಾರ್ಚ್ 30ರ ದಿಢೀರ್ ಪ್ರವಾಹದಲ್ಲಿ ಪೋರ್ಟ್ ಲೂಯಿಯಲ್ಲಿ 11 ಜನ ಸತ್ತರು, ಅವರಲ್ಲಿ ಕೆಲವರು ಕೋಡಾನ್ ಕಡೆಯ ಸುರಂಗದಾರಿಯಲ್ಲಿ ಸಿಕ್ಕಿಬಿದ್ದವರು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತಕ್ಕೆ ಇದೇ ರಸ್ತೆಗಳಲ್ಲಿ ಕಾರುಗಳು ತೇಲಿದವು. ಜೋರು ಮಳೆ ಹಿಡಿದರೆ ಸುರಂಗದಾರಿಗೆ ಇಳಿಯಬೇಡಿ, ಎತ್ತರದ ಕಡೆಯ ಕಟ್ಟಡ ಸೇರಿಕೊಳ್ಳಿ. ಚಂಡಮಾರುತದ ಎಚ್ಚರಿಕೆ ಒಂದರಿಂದ ನಾಲ್ಕರವರೆಗೆ ಇರುತ್ತದೆ, ಮೂರು ಬಂತೆಂದರೆ ಬಸ್ಸು, ಅಂಗಡಿ ಎಲ್ಲ ಬಂದ್. ಎರಡನೇ ಎಚ್ಚರಿಕೆ ಬಂದಾಗಲೇ ಹೋಟೆಲ್ ಬಿಟ್ಟು ಹೊರಡುವುದನ್ನು ನಿಲ್ಲಿಸಿ.

ಫುಟ್‌ಪಾತ್ ಕಿರಿದು, ಅಲ್ಲಲ್ಲಿ ತೆರೆದ ಚರಂಡಿ, ಆಳಕ್ಕೆ ಇಳಿಯುವ ಅಂಚು. ಹವಾಯಿ ಚಪ್ಪಲಿ ಬೇಡ, ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ. ತಲಾ ಒಂದು ನೀರಿನ ಬಾಟಲಿ, ಟೋಪಿ, ಮಾರ್ಕೆಟ್ಟಿನಲ್ಲಿ ಪರ್ಸು ಮುಂದಿನ ಜೇಬಿಗೆ. ಮೂರೂವರೆಗೆ ಮುಂಚೆ ಬಸ್ಸು ಹತ್ತಿಬಿಡಿ, ಆಮೇಲೆ ಆಫೀಸು ಬಿಟ್ಟ ಜನರ ನಡುವೆ ಅಪ್ಪ-ಅಮ್ಮನಿಗೆ ಸೀಟು ಸಿಗುವುದು ಕಷ್ಟ.